ಗುಡ್ಡದಿಂದ ಒಸರುವ ನೀರನ್ನು ಸಿಮೆಂಟ್ ಹೊಡೆದು ಮುಚ್ಚಬಹುದಾ?

ಪ್ರಶ್ನೆ: ನಾವು ಹಾವೇರಿ ಕಡೆಯವರು. ಗೋವಾದ ಫೋಂಡಾ ಹತ್ತಿರ ಇಳಿಜಾರಿನಲ್ಲಿ ಒಂದು ಸೈಟ್ ತಗೊಂಡಿದ್ದೇವೆ. ಮನೆಗೆ ಜಾಗ ಮಾಡಲು ಹಿಂದಿನ ಗುಡ್ಡವನ್ನು ಹತ್ತು ಅಡಿ ಕಡಿಸಿದೆವು. ಅಕ್ಟೋಬರ್ ಬಂದರೂ ಬುಡದಲ್ಲಿ ಒಂದು ಕಡೆ ನೀರು ಒಸರುತ್ತಲೇ ಇದೆ. ನಮ್ಮ ಗೌಂಡಿ, "ಚಿಂತಿ ಮಾಡಬ್ಯಾಡ್ರಿ, ಸಿಮೆಂಟ್ ಹೊಡೆದು ಮುಚ್ಚಿ ಮ್ಯಾಲ ಗೋಡಿ ಏರಿಸ್ತೀನಿ" ಅನ್ನುತ್ತಾರೆ. ಮಾಡಿಸಬಹುದಾ?

ಉತ್ತರ: ದಯವಿಟ್ಟು ಬೇಡ. ಒರತೆಯ ಬಾಯಿ ಮುಚ್ಚಿದರೆ ಒರತೆ ನಿಲ್ಲುವುದಿಲ್ಲ. ನೀರು ಗೋಡೆಯ ಹಿಂದೆ ಏರುತ್ತಾ ಹೋಗುತ್ತದೆ, ಇಲ್ಲವೇ ಪಾಯದ ಕೆಳಗೆ ದಾರಿ ಹುಡುಕುತ್ತದೆ. ಎರಡೂ ಕೆಟ್ಟದ್ದೇ.

ಲೆಕ್ಕ ನೋಡಿ. ಹತ್ತು ಅಡಿ, ಅಂದರೆ ಮೂರು ಮೀಟರ್ ಎತ್ತರದ ಗೋಡೆ. ಹಿಂದಿನ ಮಣ್ಣು ಒಣಗಿದ್ದರೆ ಒಂದು ಮೀಟರ್ ಉದ್ದದ ಗೋಡೆಯನ್ನು ಅದು ಸುಮಾರು 2.7 ಟನ್ ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ, ನೀರೊಂದೇ 4.5 ಟನ್ ತಳ್ಳುತ್ತದೆ. ಮಣ್ಣಿನದ್ದೂ ಸೇರಿದರೆ ಆರು ಟನ್ ಹತ್ತಿರ ಬರುತ್ತದೆ. ಎರಡು ಪಟ್ಟಿಗೂ ಜಾಸ್ತಿ! ಮಾಮೂಲಿ ತಡೆಗೋಡೆಯನ್ನು ಈ ಭಾರಕ್ಕೆ ಯಾರೂ ಕಟ್ಟಿರುವುದಿಲ್ಲ. ಮಳೆಗಾಲದಲ್ಲಿ ಮುಂಬೈ, ಪುಣೆ ಕಡೆಯಿಂದ ಗೋಡೆ ಕುಸಿದ ಸುದ್ದಿ ಬರುತ್ತದಲ್ಲ, ಅದರಲ್ಲಿ ಬಹಳ ಸಲ ಗೋಡೆಯ ಹಿಂದೆ ನೀರು ನಿಂತಿರುತ್ತದೆ.

ಹಾಗಾದರೆ ಈ ನೀರು ಎಲ್ಲಿಂದ ಬರುತ್ತಿದೆ? ಗೋವಾದ ಗುಡ್ಡಗಳ ಮೇಲ್ಪದರ ಹೆಚ್ಚಾಗಿ ಜಂಬಿಟ್ಟಿಗೆ ಕಲ್ಲು. ಮೈತುಂಬಾ ತೂತು ಇರುವ ಕಲ್ಲು ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಕೆಳಗೆ ಜಾರುವ, ಬಿಳಿ-ಗುಲಾಬಿ ಬಣ್ಣದ ಜೇಡಿ. ನಮ್ಮ ಕರಾವಳಿಯಲ್ಲಿ ಶೇಡಿ ಮಣ್ಣು ಅನ್ನುತ್ತಾರಲ್ಲ, ಅದೇ. ನೀರು ಅಲ್ಲಿ ತಡೆದು ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಜನ ಸ್ನಾನಕ್ಕೆ ಹೋಗುವ ಕೆಸರ್ವಾಳ, ಪೊಂಬುರ್ಪಾದಂಥ ಒರತೆಗಳು ಗೋವಾದಲ್ಲಿ ಎಷ್ಟೋ ಇವೆ. ನೀವು ಗುಡ್ಡ ಕಡಿದಾಗ ಬಹುಶಃ ಆ ಎರಡು ಪದರ ಕೂಡುವ ಗೆರೆಯನ್ನೇ ತೆರೆದಿದ್ದೀರಿ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹರಿಯುವುದು ಸಹಜ. ಏಪ್ರಿಲ್‌ನಲ್ಲಿ ಒಣಗಿದರೆ "ಹೋಯ್ತು ಬಿಡಿ" ಅಂತ ಗೋಡೆ ಕಟ್ಟಿಬಿಡಬೇಡಿ. ಈಗಲೇ ಜಾಗಕ್ಕೆ ಗೂಟ ಹೊಡೆದು ಗುರುತು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಬಕೆಟ್ ಇಟ್ಟು ಅಳೆಯಿರಿ ಕೂಡ. 20 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 28,800 ಲೀಟರ್ ಆಯಿತು. ಸಣ್ಣ ಧಾರೆ ಅಂದುಕೊಂಡಿದ್ದು ಎರಡು ದೊಡ್ಡ ಟ್ಯಾಂಕರ್ ನೀರು! ಜುಲೈ-ಆಗಸ್ಟ್‌ನಲ್ಲಿ ಇದಕ್ಕಿಂತ ಜಾಸ್ತಿ ಬರುತ್ತದೆ ಅಂತಲೇ ಇಟ್ಟುಕೊಳ್ಳಿ.

ಈಗ ಕೆಲಸದ ಮಾತು. ಗೋಡೆಗಿಂತ ಮೊದಲು ಒರತೆಯನ್ನು ಹಿಡಿಯಬೇಕು. ನೀರು ಬರುವ ಬಾಯಿಯನ್ನು ಗಟ್ಟಿ ನೆಲ ಸಿಗುವವರೆಗೆ ಸ್ವಲ್ಪ ಒಳಗೆ ಕೆದಕಿ, ತೊಳೆದ ದಪ್ಪ ಖಡಿ ತುಂಬಿ. ಅಲ್ಲಿಂದ ತೂತಿಲ್ಲದ 110 ಮಿಲಿಮೀಟರ್ ಪಿವಿಸಿ ಪೈಪನ್ನು ಗೋಡೆಯ ಮೂಲಕ ಹೊರಗೆ ತನ್ನಿ. ಈ ಪೈಪು ಒರತೆಗೆ ಮಾತ್ರ. ಗೋಡೆಯ ವೀಪ್ ಹೋಲ್‌ಗಳು, ಅಂದರೆ ಹಿಂದಿನ ನೀರು ಹೊರಬರಲು ಗೋಡೆಯಲ್ಲಿ ಬಿಡುವ ಸಣ್ಣ ತೂತುಗಳು, ಇದನ್ನೂ ನೋಡಿಕೊಳ್ಳುತ್ತವೆ ಅಂತ ಬಿಡಬೇಡಿ. ಅವು ಮಣ್ಣಿನಲ್ಲಿ ಹರಡಿದ ತೇವಕ್ಕೆ ಸರಿ, ಒಂದೇ ಕಡೆ ನುಗ್ಗುವ ಧಾರೆಗೆ ಸಾಲುವುದಿಲ್ಲ.

ಉಳಿದ ನೀರಿಗೆ ಗೋಡೆಯ ಹಿಂದೆ ಕಡಿಮೆ ಅಂದರೂ ಒಂದು ಅಡಿ ದಪ್ಪ ಖಡಿ ತುಂಬಿಸಿ. ಮಣ್ಣಿನ ಕಡೆಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲಿ, ಇಲ್ಲದಿದ್ದರೆ ಸಣ್ಣ ಮಣ್ಣು ಸೇರಿ ಖಡಿ ಕಟ್ಟಿಕೊಳ್ಳುತ್ತದೆ. ತಳದಲ್ಲಿ ತೂತಿನ ಪೈಪು ಹಾಕಿ, ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಡಿ. ತೂತುಗಳು ಕೆಳಮುಖವಾಗಿರಬೇಕು. ಮೇಲೆ ತಿರುಗಿಸಿ ಹಾಕಿದರೆ ಪೈಪಿನ ಎತ್ತರಕ್ಕೆ ನೀರು ನಿಂತಮೇಲೇ ಒಳಗೆ ಹೋಗುವುದು. ವೀಪ್ ಹೋಲ್ ಒಂದೂವರೆ ಮೀಟರಿಗೊಂದು ಸಾಕು. ಅಗೆದು ತೆಗೆದ ಜೇಡಿಯನ್ನೇ "ದುಡ್ಡು ಉಳಿಯುತ್ತೆ" ಅಂತ ಗೋಡೆಯ ಹಿಂದೆ ತುಂಬುವವರು ಇದ್ದಾರೆ. ಅದಕ್ಕೆ ಒಪ್ಪಬೇಡಿ. ಗುಡ್ಡದ ಮೇಲಿನ ಮಳೆನೀರು ಬೇರೆಯೇ ಚರಂಡಿಯಲ್ಲಿ ಪಕ್ಕಕ್ಕೆ ಹೋಗಲಿ, ಖಡಿಯೊಳಗೆ ಇಳಿಯುವುದು ಬೇಡ.

ಯಾರೂ ಹೇಳದ ಒಂದು ತೊಂದರೆ ಇದೆ. ಜಂಬಿಟ್ಟಿಗೆಯಿಂದ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಗಾಳಿ ತಾಗಿದಲ್ಲಿ ಅದು ಕಿತ್ತಳೆ ಬಣ್ಣದ ಲೋಳೆಯಾಗಿ ಕೂರುತ್ತದೆ. ನಿಮ್ಮ ಒರತೆಯ ಬಾಯಲ್ಲಿ ನೋಡಿ, ಕಲ್ಲಿನ ಮೇಲೆ ತುಕ್ಕಿನಂಥ ಪದರ, ಬೆರಳಿಟ್ಟರೆ ಜಾರುತ್ತದೆ, ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ. ಅದು ಕಂಡರೆ ತಳದ ತೂತಿನ ಪೈಪಿಗೆ ನೇರವಾಗಿ ಬಟ್ಟೆ ಸುತ್ತಬೇಡಿ, ಬೇಗ ಮುಚ್ಚಿಹೋಗುತ್ತದೆ. ಬಟ್ಟೆ ಖಡಿಯ ಹೊರಗಡೆ ಇರಲಿ. ಪೈಪಿನ ಇನ್ನೊಂದು ತುದಿಯನ್ನು ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿ. ಮೇ ಕೊನೆಯಲ್ಲಿ ಮುಚ್ಚಳ ತೆಗೆದು ಜೋರಾಗಿ ನೀರು ಬಿಟ್ಟು ತೊಳೆಯಬಹುದು.

ಹೊರಗೆ ಬಂದ ನೀರನ್ನು ಪಾಯದ ಬುಡದಲ್ಲಿ ಬಿಡಬೇಡಿ. ಶೇಡಿ ನೆನೆದರೆ ಬಲ ಕಳೆದುಕೊಂಡು ಮೆತ್ತಗಾಗುತ್ತದೆ. ಪಕ್ಕದ ಹಳ್ಳಕ್ಕೆ ಸೇರಿಸಿ, ಅಥವಾ ತೊಟ್ಟಿ ಕಟ್ಟಿ ತೋಟಕ್ಕೆ ಬಳಸಿ. ಫೋಂಡಾ ಕಡೆ ಕುಳಾಗರಗಳಿಗೆ, ಅಂದರೆ ಅಡಿಕೆ ತೋಟಗಳಿಗೆ, ಇಂಥ ಒರತೆಯ ನೀರೇ ಕಾಲುವೆಯಲ್ಲಿ ಹೋಗುವುದು ಹಳೆಯ ರೂಢಿ. ಕೆಳಗಿನ ತೋಟದವರನ್ನು ಒಂದು ಮಾತು ಕೇಳಿ, ಆಮೇಲೆ ಜಗಳ ಬೇಡ.

ಜಾಗ ಇದ್ದರೆ ಕಾಂಕ್ರೀಟ್ ಗೋಡೆಗಿಂತ ಗೇಬಿಯನ್ ನನಗೆ ಇಷ್ಟ. ತಂತಿ ಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಕಟ್ಟುವ ಗೋಡೆ ಅದು. ನೀರು ಅದರ ಮೂಲಕವೇ ಹಾದುಹೋಗುತ್ತದೆ, ಸ್ವಲ್ಪ ಕುಸಿದರೂ ಸೀಳುವುದಿಲ್ಲ. ಹಿಂದೆ ಬಟ್ಟೆ ಮಾತ್ರ ಬೇಕೇ ಬೇಕು. ಯಾವುದೇ ಕಟ್ಟಿ, ಹತ್ತು ಅಡಿಯ ಗೋಡೆಗೆ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿದ ನಕ್ಷೆ ಬೇಕು. ಗೌಂಡಿಯ ಕೈಚಳಕಕ್ಕೆ ಬಿಡುವ ವಿಷಯ ಅಲ್ಲ ಇದು. ಇನ್ನೊಂದು, ಗೋವಾದಲ್ಲಿ ಗುಡ್ಡ ಕಡಿಯಲು ನಗರ ಮತ್ತು ಗ್ರಾಮ ಯೋಜನೆ ಕಾಯ್ದೆಯ 17ಎ ಕಲಮಿನ ಪ್ರಕಾರ ಮೊದಲೇ ಲಿಖಿತ ಅನುಮತಿ ಬೇಕು. ಪಡೆದಿರದಿದ್ದರೆ ಇನ್ನೊಂದು ಗುದ್ದಲಿ ಹಾಕುವ ಮುಂಚೆ ಅದನ್ನು ವಿಚಾರಿಸಿ.

ಗೋಡೆ ಎದ್ದಮೇಲೆ ಮೊದಲ ಮಳೆಗಾಲದಲ್ಲಿ ಪೈಪಿನ ಬಾಯಿ ನೋಡುತ್ತಿರಿ. ತಿಳಿನೀರು ಬಂದರೆ ಸರಿ. ಕೆಂಪು ರಾಡಿ ಬರುತ್ತಲೇ ಇದ್ದರೆ ಹಿಂದಿನ ಮಣ್ಣು ಕೊಚ್ಚಿಹೋಗಿ ಪೊಳ್ಳಾಗುತ್ತಿದೆ ಅಂತ ಅರ್ಥ. ಸುರಿಯುವ ಆಗಸ್ಟ್‌ನಲ್ಲಿ ಪೈಪು ಒಮ್ಮೆಲೇ ಒಣಗಿದರೆ ಇನ್ನೂ ಕೆಟ್ಟದ್ದು, ನೀರು ಒಳಗೆ ನಿಲ್ಲುತ್ತಿರಬಹುದು. ಅವತ್ತೇ ಇಂಜಿನಿಯರ್‌ಗೆ ಫೋನ್ ಮಾಡಿ, ಅವರು ಬರುವವರೆಗೆ ಗೋಡೆಯ ಕೆಳಗೆ ಯಾರೂ ಓಡಾಡದಂತೆ ನೋಡಿಕೊಳ್ಳಿ.