ಅಂಚೆಚೀಟಿಯಲ್ಲಿ ಅಪ್ಪನ ಮುಖ

ಕಳೆದ ಮಳೆಗಾಲದಲ್ಲಿ ಅಂಕೋಲೆಯ ಕಡೆಯವರೊಬ್ಬರು ಕಾರವಾರದ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಗಾಜಿನ ಚೌಕಟ್ಟು. ಬಿಚ್ಚಿದರೆ ಒಳಗೆ ಹನ್ನೆರಡು ಅಂಚೆಚೀಟಿಗಳ ಒಂದು ಹಾಳೆ, ಪ್ರತಿ ಚೀಟಿಯ ಪಕ್ಕದಲ್ಲೂ ತೀರಿಕೊಂಡ ಅವರ ತಂದೆಯ ಭಾವಚಿತ್ರ. "ಮಾಸ್ತರರೇ, ಭಾರತ ಸರ್ಕಾರ ನಮ್ಮ ಅಪ್ಪನ ಅಂಚೆಚೀಟಿ ಹೊರಡಿಸಿದೆ. ಪತ್ರಿಕೆಗೆ ಸುದ್ದಿ ಕೊಡಬೇಕು, ನಾಲ್ಕು ಸಾಲು ಬರೆದುಕೊಡಿ" ಎಂದರು. ತಂದೆ ಊರ ಶಾಲೆಗೆ ಜಾಗ ಬಿಟ್ಟುಕೊಟ್ಟ ದೊಡ್ಡ ಮನಸ್ಸಿನವರು. ಹಾಳೆಯನ್ನು ಬೆಂಗಳೂರಿನಲ್ಲಿರುವ ಮೊಮ್ಮಗ ಮಾಡಿಸಿ ತಂದಿದ್ದ. ಯಾರೂ ಅವರಿಗೆ ಸುಳ್ಳು ಹೇಳಿರಲಿಲ್ಲ. ಅದು ಏನೆಂದು ಬಿಡಿಸಿ ಹೇಳಿದವರೂ ಇರಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಂಚೆ ಕಚೇರಿಯ ಕೌಂಟರಿನಲ್ಲಿ ಕುಳಿತವನು ನಾನು. ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಚೀಟಿ ಸಂಗ್ರಹಿಸುವುದನ್ನು ಕಲಿಸುತ್ತೇನೆ. ಇಂಥ ಚೌಕಟ್ಟುಗಳು ನನ್ನ ಬಳಿಗೆ ಬರುವುದು ಹೆಚ್ಚಾಗಿದೆ. ಆದ್ದರಿಂದ ಒಂದು ಸಲ ಸರಿಯಾಗಿ ಬರೆದುಬಿಡುತ್ತೇನೆ.

ಅವರು ತಂದದ್ದು 'ಮೈ ಸ್ಟಾಂಪ್'. 2011ರಲ್ಲಿ ಅಂಚೆ ಇಲಾಖೆ ಆರಂಭಿಸಿದ ಯೋಜನೆ. ಭಾವಚಿತ್ರ, ಗುರುತಿನ ಚೀಟಿ ಮತ್ತು 300 ರೂಪಾಯಿ ಕೊಟ್ಟರೆ ಹನ್ನೆರಡರ ಹಾಳೆ ಸಿಗುತ್ತದೆ. ಅದರಲ್ಲಿ ಬೆಲೆ ಮುದ್ರಿತವಾದ ಚೀಟಿಯ ಮೇಲಿರುವುದು ಇಲಾಖೆಯದೇ ಚಿತ್ರ. ಮನೆಯವರ ಮುಖ ಬರುವುದು ಅದಕ್ಕೆ ಅಂಟಿಕೊಂಡ ಪಕ್ಕದ ಖಾಲಿ ಜಾಗದಲ್ಲಿ. ಮದುಮಕ್ಕಳದ್ದೂ ಬರುತ್ತದೆ, ಹಾಲುಗಲ್ಲದ ಕೂಸಿನದ್ದೂ ಬರುತ್ತದೆ. ಎರಡನೆಯ ಬಗೆ ವಿಶೇಷ ಲಕೋಟೆ. ಒಂದು ಸಂಸ್ಥೆಯ ಶತಮಾನೋತ್ಸವಕ್ಕೋ ಒಬ್ಬ ಹಿರಿಯರ ನೆನಪಿಗೋ ಆಯಾ ರಾಜ್ಯದ ಅಂಚೆ ವೃತ್ತ ಹೊರಡಿಸುವಂಥದ್ದು. ಇಲ್ಲಿ ಮುಖವಿರುವುದು ಲಕೋಟೆಯ ಮೇಲೆ ಮತ್ತು ಆ ದಿನದ ವಿಶೇಷ ಠಸ್ಸೆಯಲ್ಲಿ. ಮೂಲೆಯಲ್ಲಿ ಅಂಟಿಸಿದ ಚೀಟಿ ಬೇರೆ ಯಾವುದೋ ಆಗಿರಬಹುದು. ಮೂರನೆಯದು ಸ್ಮರಣಾರ್ಥ ಅಂಚೆಚೀಟಿ. ದೇಶದ ಹೆಸರು, ಬೆಲೆ, ವ್ಯಕ್ತಿಯ ಹೆಸರು, ವರ್ಷ ಎಲ್ಲವೂ ಆ ಒಂದು ತುಂಡಿನೊಳಗೇ ಇರುತ್ತವೆ. ಜೊತೆಗೆ ಪ್ರಥಮ ದಿನದ ಲಕೋಟೆ ಮತ್ತು ಆ ವ್ಯಕ್ತಿಯ ಕುರಿತ ಮಾಹಿತಿ ಪತ್ರ ಬರುತ್ತವೆ. ರಾಷ್ಟ್ರ ಗೌರವಿಸಿತು ಎಂದು ಹೇಳಬಹುದಾದದ್ದು ಈ ಮೂರನೆಯದಕ್ಕೆ ಮಾತ್ರ. ಮೊದಲ ಎರಡರಲ್ಲಿ ಪ್ರೀತಿಯಿದೆ, ಅಭಿಮಾನವಿದೆ. ಅವುಗಳ ತೂಕ ಬೇರೆ.

ಆ ತೂಕ ಎಲ್ಲಿಂದ ಬಂತು? 1854ರಿಂದ ಸ್ವಾತಂತ್ರ್ಯದವರೆಗೆ ನಮ್ಮ ಚೀಟಿಗಳ ಮೇಲೆ ಆಳಿದವರ ಮುಖವೇ ಇತ್ತು: ವಿಕ್ಟೋರಿಯಾ, ಏಳನೆಯ ಎಡ್ವರ್ಡ್, ಐದನೆಯ ಮತ್ತು ಆರನೆಯ ಜಾರ್ಜ್. 1948ರ ಆಗಸ್ಟ್ 15ರಂದು ಆ ಜಾಗಕ್ಕೆ ಗಾಂಧೀಜಿ ಬಂದರು. ಸ್ವಿಟ್ಜರ್ಲೆಂಡಿನಲ್ಲಿ ಮುದ್ರಣವಾದ ನಾಲ್ಕು ಚೀಟಿಗಳು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಮೇಲೆ ನಾಗರಿಯಲ್ಲೂ ಉರ್ದುವಿನಲ್ಲೂ 'ಬಾಪು' ಎಂಬ ಎರಡಕ್ಷರ. ಒಂದು ಶತಮಾನ ಕಾಲ ಕಿರೀಟ ಕುಳಿತಿದ್ದ ಜಾಗದಲ್ಲಿ ಮನೆಮಂದಿ ಕರೆಯುವ ಹೆಸರು. 1952ರಲ್ಲಿ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ರವೀಂದ್ರನಾಥ ಠಾಕೂರ್ ಒಟ್ಟಿಗೆ ಬಂದರು. ಹೊಸ ಗಣರಾಜ್ಯ ತನ್ನ ಮೊದಲ ವರ್ಷಗಳಲ್ಲೇ ಇಷ್ಟು ಕವಿಗಳನ್ನು ಆರಿಸಿಕೊಂಡಿತು ಎಂಬುದು ನನಗೆ ಇಂದಿಗೂ ಹೆಮ್ಮೆಯ ವಿಷಯ.

ಬದುಕಿರುವವರನ್ನು ಚೀಟಿಯ ಮೇಲೆ ತರುವುದು ನಮ್ಮಲ್ಲಿ ವಾಡಿಕೆಯಲ್ಲ. ಅಪವಾದಗಳು ಬೆರಳೆಣಿಕೆಯವು, ಮೊದಲನೆಯದು ಬಹಳ ಸುಂದರವಾದದ್ದು. 1958ರ ಏಪ್ರಿಲ್ 18ರಂದು, ಧೋಂಡೋ ಕೇಶವ ಕರ್ವೆಯವರಿಗೆ ನೂರು ತುಂಬಿದ ದಿನವೇ ಅವರ ಚೀಟಿ ಬಂತು. ವಿಧವೆಯರ ಬದುಕಿಗಾಗಿ, ಹೆಣ್ಣುಮಕ್ಕಳ ಓದಿಗಾಗಿ ಜೀವ ತೇಯ್ದ ವೃದ್ಧರು ತಮ್ಮ ಚೀಟಿಯನ್ನು ತಾವೇ ಕಂಡರು. ಎರಡನೆಯವರು ನಮ್ಮ ವಿಶ್ವೇಶ್ವರಯ್ಯನವರು, 1960ರ ಸೆಪ್ಟೆಂಬರ್ 15ರಂದು. ಮದರ್ ತೆರೇಸಾ 1980ರಲ್ಲಿ, ಸಚಿನ್ ತೆಂಡೂಲ್ಕರ್ 2013ರಲ್ಲಿ ತಮ್ಮ ಕೊನೆಯ ಟೆಸ್ಟ್ ಆಡುತ್ತಿರುವಾಗಲೇ.

ಕನ್ನಡದ ಮುಖಗಳನ್ನು ಹುಡುಕಿ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವೇಶ್ವರರು, 1977ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ, 1988ರಲ್ಲಿ ಡಿ.ವಿ.ಜಿ., 2017ರಲ್ಲಿ ಕುವೆಂಪು. ಆದರೆ ನಾನು ಹೆಚ್ಚು ಹೊತ್ತು ನಿಲ್ಲುವುದು 2014ರ ಸೆಪ್ಟೆಂಬರಿನಲ್ಲಿ ಬಂದ ಸಂಗೀತಗಾರರ ಕಂತಿನ ಮುಂದೆ. ಒಟ್ಟು ಎಂಟು ಮಂದಿ: ಅಲಿ ಅಕ್ಬರ್ ಖಾನ್, ರವಿಶಂಕರ್, ವಿಲಾಯತ್ ಖಾನ್, ಡಿ.ಕೆ. ಪಟ್ಟಮ್ಮಾಳ್. ಉಳಿದ ನಾಲ್ವರು ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವ. ಇಡೀ ದೇಶದಿಂದ ಆರಿಸಿದ ಎಂಟರಲ್ಲಿ ನಾಲ್ಕು ಧಾರವಾಡ, ಗದಗ, ಬೆಳಗಾವಿಯ ಮಣ್ಣಿನವು! ಶಿರಸಿಯಿಂದ ಬಯಲುಸೀಮೆಯ ಕಡೆ ಹೊರಟರೆ ಅರ್ಧ ದಿನದೊಳಗೆ ಮುಟ್ಟುವ ಊರುಗಳು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಭೂಪಟ ತೆಗೆಯುತ್ತಾರೆ, ನನಗೆ ಅಷ್ಟು ಸಾಕು.

ಕಾರವಾರದ ಮಕ್ಕಳಿಗೆ ಠಾಕೂರರ ಚೀಟಿ ಕೊಡುವಾಗ ಕಡಲ ದಂಡೆಗೇ ಕರೆದೊಯ್ಯುತ್ತೇನೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ತರುಣ ರವೀಂದ್ರರು ಬಂದು ಉಳಿದರು, ಕಾಳಿ ನದಿಯಲ್ಲಿ ದೋಣಿಯಲ್ಲಿ ಸುತ್ತಿದರು, ಒಂದು ಕಾವ್ಯನಾಟಕವನ್ನೂ ಇಲ್ಲಿಯೇ ಬರೆದರು. ದಂಡೆಗೆ ಅವರ ಹೆಸರಿದೆ. 1952ರ ಹನ್ನೆರಡಾಣೆಯದ್ದು, 1961ರ ಜನ್ಮಶತಮಾನೋತ್ಸವದ 15 ನಯಾ ಪೈಸೆಯದ್ದು, ಅದೇ ವರ್ಷ ಸೋವಿಯತ್ ಒಕ್ಕೂಟ ಹೊರಡಿಸಿದ್ದು, ಮೂರನ್ನೂ ಮರಳಿನ ಮೇಲೆ ಕುಳಿತು ನೋಡುತ್ತೇವೆ. ಚೀಟಿಗಳಲ್ಲಿರುವುದು ನಮಗೆ ಚಿರಪರಿಚಿತವಾದ ಗಡ್ಡದ ಮುಖ. ಇಲ್ಲಿಗೆ ಬಂದಾಗ ಅವರಿಗೆ ವಯಸ್ಸು ಇಪ್ಪತ್ತೆರಡರ ಆಸುಪಾಸು ಎಂದರೆ ಮಕ್ಕಳು ನಂಬುವುದಿಲ್ಲ.

ನನ್ನನ್ನು ತುಂಬ ನೋಯಿಸಿದ ಒಂದು ಪ್ರಸಂಗವನ್ನೂ ಹೇಳಬೇಕು. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯೊಂದರಲ್ಲಿ ಅಟ್ಟದ ಪೆಟ್ಟಿಗೆ ತೆರೆದಾಗ ಮಂಡಿ ವ್ಯವಹಾರದ ಹಳೆಯ ಕಾಗದಗಳ ಕಟ್ಟು ಸಿಕ್ಕಿತು. ಮನೆಯ ಹುಡುಗ ಉತ್ಸಾಹದಲ್ಲಿ ಎಲ್ಲ ಚೀಟಿಗಳನ್ನು ಕತ್ತರಿಯಿಂದ ಚೌಕವಾಗಿ ಕತ್ತರಿಸಿ, ಲಕೋಟೆಗಳನ್ನು ಬಚ್ಚಲ ಒಲೆಗೆ ಹಾಕಿದ್ದ. ನನಗೆ ತೋರಿಸಿದ್ದು ಒಂದು ಡಬ್ಬಿ ಚೂರುಗಳು. ಅದರಲ್ಲಿ 1948ರ ಕಂದು ಬಣ್ಣದ ಒಂದೂವರೆ ಆಣೆಯ ಗಾಂಧಿ ಇತ್ತು, ಅದರ ಮೇಲೆ ಠಸ್ಸೆಯ ಕಾಲು ಭಾಗ ಮಾತ್ರ ಉಳಿದಿತ್ತು. 1934ರ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದಿದ್ದರು. ಹದಿನಾಲ್ಕು ವರ್ಷಗಳ ನಂತರ ಅದೇ ಶಿರಸಿ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, ಅವರ ಮುಖ ಹೊತ್ತ ಕಾಗದ ಈ ಮನೆಗೆ ಯಾವ ದಿನ, ಎಲ್ಲಿಂದ ಬಂತು ಎಂಬುದನ್ನು ಆ ಲಕೋಟೆ ಹೇಳುತ್ತಿತ್ತು. ಚೀಟಿ ಪೇಟೆಯಲ್ಲಿ ಇನ್ನೊಂದು ಸಿಗುತ್ತದೆ. ಲಕೋಟೆ ಸಿಗುವುದಿಲ್ಲ. ಹಳೆಯ ಕಾಗದ ಸಿಕ್ಕಿದರೆ ದಯವಿಟ್ಟು ಕತ್ತರಿ ಮುಟ್ಟಬೇಡಿ, ನೀರಿನಲ್ಲಿ ನೆನೆಸಬೇಡಿ. ನಮ್ಮ ಕರಾವಳಿಯ ಹವೆಗೆ ಅಂಟು ತಾನಾಗಿ ಕರಗಿ ಹಾಳೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹತ್ತು ರೂಪಾಯಿಯ ಗಾಂಧಿ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಮೊಬೈಲಿನಲ್ಲಿ ಚಿತ್ರ ಕಳುಹಿಸಿದರೆ ಹಣ ಕೊಡಬೇಡಿ. ಆ ಚೀಟಿಯ ನಕಲಿಗಳು ಬಹಳ ಇವೆ.

ಅಂಕೋಲೆಯವರು ಕೊನೆಗೆ ಕೇಳಿದ್ದು, "ಹಾಗಾದರೆ ನಿಜವಾದ ಚೀಟಿ ನಮ್ಮ ಜಿಲ್ಲೆಯವರಿಗೆ ಆಗುವುದು ಹೇಗೆ?" ಒಳ್ಳೆಯ ಪ್ರಶ್ನೆ. ಯಾರು ಬೇಕಾದರೂ ಪ್ರಸ್ತಾವ ಕಳುಹಿಸಬಹುದು. ಅದನ್ನು ದೆಹಲಿಯಲ್ಲಿ ಅಂಚೆಚೀಟಿ ಸಲಹಾ ಸಮಿತಿ ಪರಿಶೀಲಿಸುತ್ತದೆ. ವ್ಯಕ್ತಿಗೆ ರಾಷ್ಟ್ರಮಟ್ಟದ ಮಹತ್ವ ಇರಬೇಕು, ತೀರಿಕೊಂಡು ಸಾಮಾನ್ಯವಾಗಿ ಹತ್ತು ವರ್ಷ ಕಳೆದಿರಬೇಕು, ಜನ್ಮಶತಮಾನೋತ್ಸವದಂಥ ಸಂದರ್ಭವೊಂದು ಒದಗಿರಬೇಕು. ಹತ್ತು ವರ್ಷದ ಮಾತು ಕಲ್ಲಿನ ಮೇಲಿನ ಗೆರೆಯೇನಲ್ಲ. ಭೀಮಸೇನ ಜೋಶಿಯವರು ತೀರಿಕೊಂಡದ್ದು 2011ರಲ್ಲಿ, ಚೀಟಿ ಬಂದದ್ದು ಮೂರೇ ವರ್ಷಕ್ಕೆ. ಆದರೂ ಆ ಕಾಯುವಿಕೆ ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಅಭಿಮಾನದ ಬಿಸಿ ಆರಿದ ಮೇಲೂ ಉಳಿಯುವ ಹೆಸರು ಯಾವುದೆಂದು ಆಗ ಗೊತ್ತಾಗುತ್ತದೆ.

ನಮ್ಮವರ ಅರ್ಜಿಗಳು ಎಡವುವುದು ಬೇರೆ ಕಡೆ. ಹೊಗಳಿಕೆಯ ಪುಟಗಳು ಧಾರಾಳ, ದಾಖಲೆ ಒಂದೂ ಇಲ್ಲ. ಶತಮಾನೋತ್ಸವ ಎಂದರೆ ಹುಟ್ಟಿದ ದಿನಾಂಕ ಬೇಕು. ನಮ್ಮ ಹಳ್ಳಿಗಳ ಹಳೆಯ ಶಾಲಾ ದಾಖಲೆಯಲ್ಲಿ ಅರ್ಧ ಊರಿನ ಮಕ್ಕಳು ಜೂನ್ 1ರಂದೇ ಹುಟ್ಟಿದವರು! ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆ ಜೂನ್ 1 ಕೂಡ ಇಲ್ಲ. 2024ರ ಡಿಸೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಹೊನ್ನಳ್ಳಿಯ ತುಳಸಿ ಗೌಡರು, ಕೆಲವೇ ವಾರಗಳ ನಂತರ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ತೀರಿಕೊಂಡರು. ಒಬ್ಬರು ಕಾಡಿನ ಸಸಿಗಳನ್ನು ಬೆಳೆಸಿದವರು, ಇನ್ನೊಬ್ಬರು ಹಾಲಕ್ಕಿ ಸಮುದಾಯದ ಹಾಡುಗಳನ್ನು ಕೊರಳಲ್ಲಿ ಇಟ್ಟುಕೊಂಡವರು. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಅವರ ಹೆಸರು ಎಂದಾದರೂ ಸಮಿತಿಯ ಮೇಜಿಗೆ ಹೋಗಬೇಕಾದರೆ ಅವರ ಜೊತೆ ಕೆಲಸ ಮಾಡಿದವರ ಹೇಳಿಕೆ, ಧ್ವನಿಮುದ್ರಣ, ಹಳೆಯ ಛಾಯಾಚಿತ್ರ, ಅರಣ್ಯ ಇಲಾಖೆಯ ಹಾಜರಿ ಪುಸ್ತಕದ ಪ್ರತಿ ಇವೆಲ್ಲವನ್ನೂ ಈಗಲೇ ಕೂಡಿಡಬೇಕು. ಗೊತ್ತಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಆ ದಿನ ಅವರಿಗೆ ಪತ್ರಿಕೆಯ ಸುದ್ದಿ ಬರೆದುಕೊಡಲಿಲ್ಲ. ಬದಲಿಗೆ, "ಒಂದು ಸಾಲು ಮನೆಯಲ್ಲಿಡಿ, ಉಳಿದವನ್ನು ಲಕೋಟೆಗೆ ಅಂಟಿಸಿ ನೆಂಟರಿಗೆ ಕಾಗದ ಬರೆಯಿರಿ. ಐದು ರೂಪಾಯಿಯ ಪೂರಾ ಚಲಾವಣೆಯ ಚೀಟಿ ಅದು" ಎಂದೆ. ಅವರು ಮುಖ ಸಣ್ಣ ಮಾಡಿಕೊಂಡೇ ಹೋದರು. ಎರಡು ವಾರದ ನಂತರ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಮುಂಬಯಿಯಲ್ಲಿರುವ ಅವರ ತಂಗಿ ತನಗೆ ತಲುಪಿದ ಲಕೋಟೆಯ ಫೋಟೋ ತೆಗೆದು ಕಳುಹಿಸಿದ್ದರು. ಅಪ್ಪನ ಭುಜದ ಮೇಲೆ ಅಂಕೋಲೆಯ ಠಸ್ಸೆ ಬಿದ್ದಿತ್ತು, ದಿನಾಂಕ ಓದುವಷ್ಟು ಸ್ಪಷ್ಟವಾಗಿ.