ಮಗ ಸಮಾಲೋಚಕಿಗೆ ಹೇಳಿದ್ದನ್ನು ನಮಗೇಕೆ ಹೇಳುವುದಿಲ್ಲ?

ಪ್ರಶ್ನೆ: ಮಗ ವಿಜಯಪುರದ ಖಾಸಗಿ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ. ಅಂಕಗಳು ಕುಸಿದ ಮೇಲೆ ಅವನನ್ನು ಶಾಲೆಯ ಆಪ್ತ ಸಮಾಲೋಚಕಿಯ ಬಳಿ ಕಳಿಸುತ್ತಿದ್ದಾರೆ. ಒಳಗೆ ಏನು ಮಾತಾಯಿತು ಎಂದು ಕೇಳಿದರೆ ಆಕೆ ಹೇಳುವುದಿಲ್ಲ. ಹೆತ್ತವರಿಂದ ಮುಚ್ಚಿಡುವಂಥದ್ದು ಏನಿರುತ್ತದೆ? ಅವರ ಕೆಲಸವಾದರೂ ಏನು?
– ಸಿಂದಗಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕಳವಳ ಸಹಜ. ಹಾಗಿದ್ದೂ ಆ ಸಮಾಲೋಚಕಿ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಾರೆ ಎಂದು ಮೊದಲಿಗೇ ಹೇಳಿಬಿಡುತ್ತೇನೆ.

ಹದಿನಾಲ್ಕರ ಹುಡುಗ ಮನೆಯಲ್ಲಿ ಆಡಲಾಗದ ಮಾತುಗಳು ಬಹಳ. ಶಾಲಾ ವಾಹನದಲ್ಲಿ ದೊಡ್ಡ ಹುಡುಗರು ಹಣ ಕಿತ್ತುಕೊಳ್ಳುತ್ತಿರಬಹುದು. ಕಬ್ಬಿನ ಬಿಲ್ಲು ಬಾರದೆ ಮನೆಯಲ್ಲಿ ನಡೆಯುವ ಜಗಳ ಕೇಳಿ ರಾತ್ರಿ ನಿದ್ದೆ ಬಾರದಿರಬಹುದು. ಅಣ್ಣನೊಂದಿಗೆ ದಿನವೂ ಹೋಲಿಸುವುದು ಅವನನ್ನು ಒಳಗೊಳಗೇ ತಿನ್ನುತ್ತಿರಬಹುದು. ಇಂಥ ಮಾತು ಅದೇ ಸಂಜೆ ಅಪ್ಪನ ಕಿವಿಗೆ ಬೀಳುತ್ತದೆ ಎಂದು ಗೊತ್ತಾದರೆ ಮರುವಾರ ಅವನು ಬಾಯಿ ಬಿಡುವುದಿಲ್ಲ. ಆಗ ಸಮಾಲೋಚಕಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಗುವಿನ ಮಾತನ್ನು ತೀರ್ಪು ಕೊಡದೆ ಕೇಳುವುದು, ಅವನನ್ನು ಕಾಡುತ್ತಿರುವುದು ಏನೆಂದು ಅವನೇ ಗುರುತಿಸುವಂತೆ ಮಾಡುವುದು, ಮುಂದಿನ ಹೆಜ್ಜೆಯನ್ನು ಅವನ ಜೊತೆ ಕುಳಿತು ಯೋಚಿಸುವುದು, ಅಗತ್ಯವಿದ್ದರೆ ವೈದ್ಯರ ಬಳಿ ಕಳಿಸುವುದು ಅವರ ಕೆಲಸ. ಬುದ್ಧಿವಾದ ಹೇಳಲು ಮನೆಯಲ್ಲಿ, ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ.

ಆದರೆ ಈ ಗುಟ್ಟಿಗೂ ಒಂದು ಗಡಿಯಿದೆ. ಮಗು ತನ್ನ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಅಥವಾ ಬೇರೆಯವರಿಗೆ ಹಾನಿ ಮಾಡುವ ಮಾತಾಡಿದರೆ ಸಮಾಲೋಚಕರು ಸುಮ್ಮನಿರುವಂತಿಲ್ಲ, ಹೆತ್ತವರಿಗೆ ತಿಳಿಸಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರೇ ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ‘ಶಾಲೆಯ ಮರ್ಯಾದೆ’ ಎಂಬ ಕಾರಣ ಅಲ್ಲಿ ನಡೆಯುವುದಿಲ್ಲ. ಒಳ್ಳೆಯ ಸಮಾಲೋಚಕರು ಈ ಗಡಿಯನ್ನು ಮಗುವಿಗೆ ಮೊದಲ ಭೇಟಿಯಲ್ಲೇ ಹೇಳಿರುತ್ತಾರೆ.

ಮಗುವಿನ ಮಾತನ್ನು ನಿಮ್ಮಿಂದ ಕಾಪಾಡಿ, ಶಿಕ್ಷಕರ ಕೊಠಡಿಯಲ್ಲಿ ಚಹಾದ ಜೊತೆ ಹಂಚಿಕೊಳ್ಳುವವರಿದ್ದರೆ ಅದು ದೊಡ್ಡ ತಪ್ಪು, ಮುಖ್ಯೋಪಾಧ್ಯಾಯರಿಗೆ ದೂರು ಕೊಡಿ. ಗಲಾಟೆ ಮಾಡಿದ ಹುಡುಗನಿಗೆ ‘ಕೌನ್ಸೆಲಿಂಗ್‌ಗೆ ಕಳಿಸುತ್ತೇನೆ ನೋಡು’ ಎಂದು ಬೆದರಿಸುವ ಶಾಲೆಗಳೂ ಇವೆ. ಆ ಕೋಣೆಯನ್ನು ಒಮ್ಮೆ ಶಿಕ್ಷೆಯ ಜಾಗವಾಗಿಸಿದರೆ ನಿಜವಾಗಿ ನೊಂದ ಮಗು ಅತ್ತ ಸುಳಿಯುವುದಿಲ್ಲ.

ನಿಮ್ಮ ಮಗನಿಗೆ ಸಮಾಲೋಚಕಿ ಸಿಕ್ಕಿದ್ದಾರೆ, ಅದು ಎಲ್ಲರಿಗೂ ಇರುವ ಭಾಗ್ಯವಲ್ಲ. ಸಿಬಿಎಸ್‌ಇ ಮಾನ್ಯತೆಯ ನಿಯಮಗಳಲ್ಲಿ ಈ ಹುದ್ದೆಯ ಪ್ರಸ್ತಾಪವಿದೆ. ನಮ್ಮ ಬಹುತೇಕ ಸರ್ಕಾರಿ ಪ್ರೌಢಶಾಲೆಗಳಲ್ಲಿ ಪ್ರತ್ಯೇಕ ಸಮಾಲೋಚಕರಿಲ್ಲ. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಲ್ಲಿ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಗೆ, ಮಕ್ಕಳ ಆರೋಗ್ಯ ಮತ್ತು ಕ್ಷೇಮದ ವಿಷಯದಲ್ಲಿ ತರಬೇತಿ ಕೊಡಬೇಕೆಂದಿದೆ. ಪಾಠ, ಪರೀಕ್ಷೆ, ಗಣತಿಗಳ ನಡುವೆ ಅವರಿಗೆ ಬಿಡುವು ಎಲ್ಲಿಂದ ಬರಬೇಕು? ಇದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ.

ಹುದ್ದೆಯಿಲ್ಲದ ಕಡೆ ಬೇರೆಯವರ ಕಣ್ಣು ಕೆಲಸ ಮಾಡುತ್ತದೆ. ಬಿಸಿಯೂಟದ ಅಡುಗೆಯವರಿಗೆ ತಟ್ಟೆ ಮುಟ್ಟದ ಮಗು ಯಾವುದೆಂದು ಗೊತ್ತಿರುತ್ತದೆ. ಮೈದಾನಕ್ಕೆ ಇಳಿಯುವುದನ್ನು ಬಿಟ್ಟ ಹುಡುಗನನ್ನು ದೈಹಿಕ ಶಿಕ್ಷಕರು ಗುರುತಿಸುತ್ತಾರೆ. ಹೆತ್ತವರು ಗುಳೆ ಹೋದ ಮಕ್ಕಳ ರಾತ್ರಿಗಳು ವಿದ್ಯಾರ್ಥಿನಿಲಯದ ವಾರ್ಡನ್‌ಗೆ ಗೊತ್ತು. ಶಾಲೆಯ ಗುಮಾಸ್ತರ ಪಾತ್ರವನ್ನಂತೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರ್ಷದ ನಡುವೆ ಹತ್ತನೇ ತರಗತಿಯ ಹುಡುಗಿಯ ವರ್ಗಾವಣೆ ಪತ್ರ ಕೇಳಿಕೊಂಡು ಯಾರಾದರೂ ಬಂದರೆ ಅದು ಬಾಲ್ಯವಿವಾಹದ ಮುನ್ಸೂಚನೆಯೂ ಆಗಿರಬಹುದು. ಪತ್ರ ಬರೆದುಕೊಡುವ ಮೊದಲು ಅವರು ಮುಖ್ಯೋಪಾಧ್ಯಾಯರ ಗಮನಕ್ಕೆ ತಂದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಕರೆ ಹೋದರೆ, ಆ ಹುಡುಗಿ ಪರೀಕ್ಷೆಗೆ ಕೂರುವ ಸಾಧ್ಯತೆ ಉಳಿಯುತ್ತದೆ. ಕಲಿಕೆಯ ತೊಂದರೆ ಅಥವಾ ಅಂಗವೈಕಲ್ಯವಿರುವ ಮಕ್ಕಳಿಗಾಗಿ ಶಿಕ್ಷಣ ಇಲಾಖೆಯ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಇವರನ್ನು ಕೇಳಿಕೊಂಡು ಹೋಗುವ ಪೋಷಕರು ತೀರಾ ಕಡಿಮೆ.

ಶಾಲೆಯಾಚೆಯೂ ದಾರಿಗಳಿವೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಎಂಬ ಹದಿಹರೆಯದವರ ಆರೋಗ್ಯ ಕೇಂದ್ರಗಳಿವೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯ ತಪಾಸಣೆ ನಡೆಸುವ ಮನೋಚೈತನ್ಯ ಕಾರ್ಯಕ್ರಮವಿದೆ, ನಿಮ್ಮ ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಇದ್ಯಾವುದೂ ಹುಚ್ಚಿನ ಮುದ್ರೆಯಲ್ಲ. ಜ್ವರಕ್ಕೆ ಆಸ್ಪತ್ರೆಗೆ ಹೋಗುವಷ್ಟೇ ಸಹಜವಾಗಿ ಹೋಗಿ.

ಇನ್ನು ನಿಮ್ಮ ಹಕ್ಕಿನ ವಿಷಯ. ಮಗ ಆಡಿದ ಮಾತುಗಳನ್ನು ಕೇಳಬೇಡಿ, ಅವನ ಸ್ಥಿತಿಯನ್ನು ಕೇಳಿ. ಅವನು ಸುರಕ್ಷಿತನೇ? ಇನ್ನೆಷ್ಟು ಭೇಟಿ ಬೇಕಾಗಬಹುದು? ವೈದ್ಯರಿಗೆ ತೋರಿಸಬೇಕೇ? ಮನೆಯಲ್ಲಿ ನಾವು ಬದಲಿಸಿಕೊಳ್ಳಬೇಕಾದದ್ದು ಏನು? ಇವಕ್ಕೆ ಉತ್ತರ ಪಡೆಯುವುದು ನಿಮ್ಮ ಹಕ್ಕು, ಕೊಡುವುದು ಆಕೆಯ ಹೊಣೆ. ಮಗನನ್ನು ಕೂರಿಸಿಕೊಂಡೇ ಮೂವರೂ ಮಾತಾಡೋಣ ಎಂದರೆ ಯಾವ ಸಮಾಲೋಚಕಿಯೂ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಭೇಟಿ ಮುಗಿಸಿ ಬಂದ ಸಂಜೆ ಅವನನ್ನು ಪ್ರಶ್ನಿಸಬೇಡಿ, ಜೊತೆಗೆ ಊಟಕ್ಕೆ ಕುಳಿತುಕೊಳ್ಳಿ. ನಿಮ್ಮ ಮನಸ್ಸೇ ತಳಮಳಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಹೆತ್ತವರೂ ಕರೆ ಮಾಡಬಹುದು.