ಐಇಪಿ ಹಾಳೆಗೆ ಸಹಿ ಹಾಕುವ ಮುನ್ನ ಏನು ನೋಡಬೇಕು?

ಪ್ರಶ್ನೆ: ನಮ್ಮ ಮಗಳು ನಾಲ್ಕನೇ ತರಗತಿ. ಬೌದ್ಧಿಕ ಬೆಳವಣಿಗೆ ಸ್ವಲ್ಪ ನಿಧಾನ ಎಂದು ಡಾಕ್ಟರ್ ಹೇಳಿದ್ದಾರೆ. ಶಾಲೆಯಲ್ಲಿ ಅವಳಿಗೆಂದೇ ಐಇಪಿ (ವೈಯಕ್ತಿಕ ಶಿಕ್ಷಣ ಯೋಜನೆ) ತಯಾರಿಸಿ ಸಹಿ ಕೇಳುತ್ತಿದ್ದಾರೆ. ಅದರಲ್ಲಿ ‘ಓದು-ಬರಹ ಸುಧಾರಿಸುವುದು, ಗಮನ ಹೆಚ್ಚಿಸುವುದು, ಸಾಮಾಜಿಕ ಕೌಶಲ ಬೆಳೆಸುವುದು’ ಎಂದು ಮೂರು ಗುರಿಗಳಿವೆ. ಓದಲು ಚೆನ್ನಾಗಿಯೇ ಇದೆ, ಆದರೆ ಏನು ಮಾಡುತ್ತಾರೆ ಎಂದು ತಿಳಿಯುತ್ತಿಲ್ಲ. ಸಹಿ ಹಾಕಬಹುದೇ?

ಉತ್ತರ: ಇನ್ನೊಂದು ವಾರ ತಡೆಯಿರಿ. ಈ ಮೂರು ಗುರಿಗಳನ್ನು ನಾಲ್ಕನೇ ತರಗತಿಯ ಯಾವ ಮಗುವಿನ ಹೆಸರಿನ ಕೆಳಗೆ ಬರೆದರೂ ಒಪ್ಪುತ್ತದೆ. ಹಾಗಿದ್ದ ಮೇಲೆ ಅದು ವೈಯಕ್ತಿಕ ಶಿಕ್ಷಣ ಯೋಜನೆ ಹೇಗಾದೀತು? ಶಾಲೆಯವರ ಮೇಲೆ ಸಿಟ್ಟಾಗುವ ಅಗತ್ಯವಿಲ್ಲ. ಹೆಚ್ಚಿನ ಕಡೆ ನಮೂನೆಯ ಖಾನೆಗಳನ್ನು ತುಂಬುವ ಅವಸರದಲ್ಲಿ ಹೀಗಾಗುತ್ತದೆ. ನೀವು ಕೇಳಬೇಕಾದದ್ದು ಗುರಿಯನ್ನಲ್ಲ, ಅದರ ಮೇಲಿನ ಖಾನೆಯನ್ನು: ‘ಸದ್ಯದ ಮಟ್ಟ’. ಅಲ್ಲಿ ಏನು ಬರೆದಿದ್ದಾರೆ ನೋಡಿ. ‘ಓದಿನಲ್ಲಿ ಹಿಂದುಳಿದಿದ್ದಾಳೆ’ ಎಂದಷ್ಟೇ ಇದ್ದರೆ ಗುರಿ ತೆಳುವಾಗಿರುವುದರ ಕಾರಣ ಅಲ್ಲೇ ಸಿಕ್ಕಿತು.

ಸದ್ಯದ ಮಟ್ಟ ಎಂದರೆ ಮಗು ಇವತ್ತು ಏನು ಮಾಡುತ್ತದೆ, ಎಷ್ಟು ಮಾಡುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದರ ಲೆಕ್ಕ. ಓದಿಗೆ ಸಂಬಂಧಿಸಿದ ಒಂದು ಒಳ್ಳೆಯ ನಮೂದು ಸುಮಾರು ಹೀಗಿರುತ್ತದೆ:

‘ಜೂನ್ ಮೂರನೇ ವಾರ, ಮಿಂಚುಪಟ್ಟಿ ತೋರಿಸಿ ಓದಿಸಿದ್ದು. 34 ವ್ಯಂಜನಗಳಲ್ಲಿ 27 ಗುರುತಿಸುತ್ತಾಳೆ. ದ–ಧ, ಬ–ಭ, ಪ–ಷ ಅದಲುಬದಲಾಗುತ್ತವೆ. ಇಳಿ ಇರುವ 10 ಅಕ್ಷರಗಳಲ್ಲಿ 9, ಗುಡಿಸು ಇರುವ 10ರಲ್ಲಿ 8, ಕೊಂಬು ಇರುವ 10ರಲ್ಲಿ 3 ಸರಿ. ಎತ್ವ, ಒತ್ವ ಇನ್ನೂ ಇಲ್ಲ. ಒತ್ತಕ್ಷರ ಬಂದರೆ ಒತ್ತನ್ನು ಬಿಟ್ಟು ಓದುತ್ತಾಳೆ: ಅಕ್ಕ ಎಂಬುದು ಅಕ ಆಗುತ್ತದೆ. ಬೋರ್ಡಿನಿಂದ ನೋಡಿ ಬರೆಯುತ್ತಾಳೆ, ಉಕ್ತಲೇಖನದಲ್ಲಿ 10 ಪದಗಳಲ್ಲಿ 1 ಸರಿ. ಕಥೆ ಓದಿ ಹೇಳಿದರೆ ಪಾತ್ರಗಳ ಹೆಸರು ಸಮೇತ ತಿರುಗಿ ಹೇಳುತ್ತಾಳೆ.’

ಇದನ್ನು ತಯಾರಿಸಲು ಎರಡು ದಿನ ತಲಾ ಅರ್ಧ ಗಂಟೆ ಸಾಕು. ಇಷ್ಟು ಗೊತ್ತಾದ ಮೇಲೆ ಮುಂದಿನ ಹೆಜ್ಜೆಯನ್ನು ಯಾರೂ ಊಹಿಸಬೇಕಿಲ್ಲ. ಕೊಂಬಿನ ಅಕ್ಷರಗಳೇ ಮುಂದಿನ ಪಾಠ. ಕೊನೆಯ ಸಾಲೂ ಮುಖ್ಯ. ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಚೆನ್ನಾಗಿದೆ ಎಂದರೆ ಪರಿಸರ ಅಧ್ಯಯನವನ್ನು ಓದು ಬರುವವರೆಗೆ ತಡೆಯಬೇಕಿಲ್ಲ, ಓದಿ ಹೇಳಿ ಬಾಯಿಮಾತಿನಲ್ಲಿ ಉತ್ತರ ಪಡೆಯಬಹುದು. ಮಗುವಿಗೆ ಬರುವುದನ್ನು ಬರೆಯದ ಐಇಪಿ ಅರ್ಧ ಐಇಪಿ.

ಇಲ್ಲಿ ಎಡವುವ ಜಾಗ ಒಂದಿದೆ: ನೋಟ್‌ಬುಕ್. ಇಂಥ ಅನೇಕ ಮಕ್ಕಳ ನೋಟ್‌ಬುಕ್ ಮುತ್ತು ಪೋಣಿಸಿದ ಹಾಗಿರುತ್ತದೆ. ಬೋರ್ಡಿನ ಮೇಲಿದ್ದದ್ದೆಲ್ಲ ತಪ್ಪಿಲ್ಲದೆ ಇಳಿದಿರುತ್ತದೆ. ಅದನ್ನು ನೋಡಿ ‘ಬರಹ ಪರವಾಗಿಲ್ಲ’ ಎಂದು ದಾಖಲಾಗುತ್ತದೆ. ಆದರೆ ಮಗು ಅಲ್ಲಿ ಮಾಡಿದ್ದು ಚಿತ್ರ ಬಿಡಿಸುವ ಕೆಲಸ. ತಾನು ಬರೆದ ಸಾಲನ್ನೇ ಬೆರಳಿಟ್ಟು ಓದು ಎಂದರೆ ಸುಮ್ಮನಾಗುತ್ತದೆ. ಹಾಗಾಗಿ ನೋಡಿ ಬರೆಯುವುದು, ಕೇಳಿ ಬರೆಯುವುದು, ತಾನಾಗಿ ಬರೆಯುವುದು ಈ ಮೂರನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಿ ಬರೆಯಿಸಿ.

ವಿಶೇಷ ಶಿಕ್ಷಕರ ಬಳಿ ಇದಕ್ಕೆಂದೇ ತಪಶೀಲು ಪಟ್ಟಿಗಳಿರುತ್ತವೆ. ಬೌದ್ಧಿಕ ವೈಕಲ್ಯವಿರುವ ಮಕ್ಕಳಿಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ ಎಫ್‌ಎಸಿಪಿ ಮತ್ತು 18 ಕ್ಷೇತ್ರಗಳಲ್ಲಿ 360 ಅಂಶಗಳಿರುವ ಎಂಡಿಪಿಎಸ್ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಪಟ್ಟಿಯನ್ನು ಮಾತ್ರ ಇವುಗಳ ಜೊತೆ ಬೆರೆಸಬೇಡಿ. ಯಾವ ಮಗುವನ್ನು ತಜ್ಞರ ಬಳಿ ಕಳಿಸಬೇಕು ಎಂದು ತಿಳಿಯಲು ಅದು ಇರುವುದು, ಅದರಿಂದ ಪಾಠದ ಗುರಿ ಹುಟ್ಟುವುದಿಲ್ಲ. ಬುದ್ಧಿಶಕ್ತಿ ಪರೀಕ್ಷೆಯ ಅಂಕಿಯೂ ಅಷ್ಟೇ. ಐಕ್ಯೂ 60 ಎಂಬ ಸಂಖ್ಯೆಗೆ ಕೊಂಬು ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ.

ಈಗ ಗುರಿಗೆ ಬನ್ನಿ. ಮೇಲಿನ ಮಟ್ಟದ ಮಗುವಿಗೆ ವರ್ಷದ ಗುರಿ ಹೀಗಿರಬಹುದು: ‘ಮಾರ್ಚ್ ಮೊದಲ ವಾರದೊಳಗೆ, ಮೊದಲು ಓದಿರದ, ಒತ್ತಕ್ಷರವಿಲ್ಲದ, ಎರಡು-ಮೂರು ಅಕ್ಷರಗಳ 20 ಪದಗಳನ್ನು ಕೊಟ್ಟಾಗ, ಯಾರ ನೆರವೂ ಇಲ್ಲದೆ 16 ಪದಗಳನ್ನು ಸರಿಯಾಗಿ ಓದುತ್ತಾಳೆ, ಬೇರೆ ಬೇರೆ ಮೂರು ದಿನ ಇದೇ ಫಲ ಬರಬೇಕು.’ ಇದರಲ್ಲಿ ಪ್ರತಿ ತುಣುಕಿಗೂ ಕೆಲಸವಿದೆ. ‘ಮೊದಲು ಓದಿರದ’ ಎಂದು ಯಾಕೆಂದರೆ ಪಾಠದ ಪದಗಳನ್ನು ಮಕ್ಕಳು ಚಿತ್ರ ನೋಡಿ, ಪಕ್ಕದವರ ಬಾಯಿಂದ ಕೇಳಿ ಬಾಯಿಪಾಠ ಮಾಡಿಬಿಡುತ್ತಾರೆ. ಮೂರು ದಿನ ಯಾಕೆಂದರೆ ಒಂದು ದಿನ ಅದೃಷ್ಟ ಕೈಹಿಡಿಯಬಹುದು. ‘ನೆರವಿಲ್ಲದೆ’ ಎಂಬ ಪದವಿಲ್ಲದಿದ್ದರೆ ಟೀಚರ್ ‘ಕು...’ ಎಂದು ಮೊದಲಕ್ಷರ ಹೇಳಿಕೊಟ್ಟದ್ದೂ ಸರಿ ಉತ್ತರದ ಲೆಕ್ಕಕ್ಕೇ ಸೇರುತ್ತದೆ.

ವರ್ಷದ ಗುರಿಯನ್ನು ಎಂಟು-ಹತ್ತು ವಾರಗಳ ತುಂಡುಗಳಾಗಿ ಒಡೆಯಬೇಕು. ಮೊದಲ ತುಂಡು ಕೊಂಬು: ಕುರಿ, ಗುಡಿ, ಹುಲಿ, ತುದಿಯಂಥ ಪದಗಳು. ಪುಟ, ಮುಖಗಳನ್ನು ಕೊನೆಗಿಡಿ. ಕನ್ನಡ ಲಿಪಿಯಲ್ಲಿ ಇಲ್ಲೊಂದು ತೊಡಕಿದೆ. ಮ ಅಕ್ಷರದ ಬಲಬದಿಯ ಸುರುಳಿ ಕೊಂಬಿನಂತೆಯೇ ಕಾಣುತ್ತದೆ. ಕೊಂಬನ್ನು ಹೊಸದಾಗಿ ಕಲಿತ ಮಗು ನಿನ್ನೆಯವರೆಗೆ ಸರಿಯಾಗಿ ಓದುತ್ತಿದ್ದ ‘ಮರ’ವನ್ನು ‘ವುರ’ ಎಂದು ಓದತೊಡಗಬಹುದು. ‘ಬರುತ್ತಿದ್ದದ್ದೂ ಮರೆತುಹೋಯಿತು’ ಎಂದು ಮನೆಯಲ್ಲಿ ಗಾಬರಿಯಾಗುವುದು ಆಗಲೇ. ಮರೆತದ್ದಲ್ಲ, ಕಲಿತ ನಿಯಮವನ್ನು ಸಲ್ಲದ ಕಡೆಗೂ ಹಚ್ಚಿದ್ದು. ಮ, ವ, ವು ಮೂರನ್ನೂ ಅಕ್ಕಪಕ್ಕ ಇಟ್ಟು, ಮರಳಿನ ತಟ್ಟೆಯಲ್ಲಿ ಬೆರಳಾಡಿಸಿ ಕೊಂಬು ಎಲ್ಲಿಂದ ಹೊರಡುತ್ತದೆ ಎಂದು ತೋರಿಸಿದರೆ ನೇರವಾಗುತ್ತದೆ. ನಲಿ-ಕಲಿಯಲ್ಲಿ ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುವುದೂ ಬರೆಯಲು ಸುಲಭವಾದ, ಬೇಗ ಪದ ಕಟ್ಟಬಹುದಾದ ಅಕ್ಷರಗಳು ಮೊದಲು ಬರಲಿ ಎಂದೇ. ಐಇಪಿಯಲ್ಲೂ ಅದೇ ಜಾಣತನ ಬೇಕು. ನಾಲ್ಕನೇ ತರಗತಿ ಎಂಬ ಕಾರಣಕ್ಕೆ ನಾಲ್ಕನೇ ತರಗತಿಯ ಪಠ್ಯದಿಂದಲೇ ಪದ ಆಯಬೇಕಿಲ್ಲ.

ಎರಡನೇ ಗುರಿ, ‘ಗಮನ ಹೆಚ್ಚಿಸುವುದು’. ಇದನ್ನು ನೋಡಿದರೆ ನಮಗೆ ಯಾವಾಗಲೂ ಅನುಮಾನ. ಯಾವ ಕೆಲಸದಲ್ಲಿ ಎಷ್ಟು ನಿಮಿಷ ಕೂರುತ್ತಾಳೆ ಎಂದು ಕೇಳಿ. ಮಣ್ಣಿನ ಬೊಂಬೆ ಮಾಡುವಾಗ 15 ನಿಮಿಷ, ಬೋರ್ಡಿನಿಂದ ಬರೆಯುವಾಗ 10 ನಿಮಿಷ, ಪಾಠ ಓದುವಾಗ 2 ನಿಮಿಷ ಎಂದಾದರೆ ಕೊರತೆ ಗಮನದ್ದಲ್ಲ. ಓದಲು ಬಾರದ ಪುಟದ ಮುಂದೆ ಯಾರು ತಾನೇ ಎಷ್ಟು ಹೊತ್ತು ಕೂತಾರು? ಆಗ ಈ ಗುರಿಯನ್ನು ಅಳಿಸಿ ಓದಿನ ಕೆಲಸವನ್ನು ಅವಳ ಮಟ್ಟಕ್ಕೆ ಇಳಿಸಬೇಕು. ಎಲ್ಲ ಕೆಲಸದಲ್ಲೂ ಎರಡೇ ನಿಮಿಷವಾದರೆ ಮಾತ್ರ ಗುರಿ ಉಳಿಯಲಿ, ಅದೂ ಅಳತೆಯೊಂದಿಗೆ: ‘ತನಗೆ ಬರುವ ಕೆಲಸ ಕೊಟ್ಟಾಗ, ಒಮ್ಮೆ ಮಾತ್ರ ನೆನಪಿಸಿದರೆ, 8 ನಿಮಿಷ ಮುಂದುವರಿಸುತ್ತಾಳೆ.’ ಬಾಗಿಲ ಪಕ್ಕ ಕೂರಿಸಿದ್ದಾರೋ, ಮಧ್ಯಾಹ್ನದ ಊಟದ ನಂತರದ ಅವಧಿಯೋ ಎಂಬುದನ್ನೂ ಗಮನಿಸಬೇಕು.

‘ಸಾಮಾಜಿಕ ಕೌಶಲ’ವನ್ನು ಒಂದೇ ವರ್ತನೆಗೆ ಇಳಿಸಿ ಬರೆಯಿಸಿ. ಬಿಸಿಯೂಟದ ಸಾಲಿನಲ್ಲಿ ತನ್ನ ಸರದಿಗೆ ಕಾಯುವುದು, ಶೌಚಾಲಯಕ್ಕೆ ಹೋಗಬೇಕೆಂದು ಕೇಳುವುದು, ಆಟದಲ್ಲಿ ಸೇರಿಸಿಕೊಳ್ಳಿ ಎಂದು ಗೆಳತಿಯರನ್ನು ಕೇಳುವುದು. ಇವುಗಳಲ್ಲಿ ಈಗ ಬೇಕಾದದ್ದು ಯಾವುದು ಎಂದು ನೀವೂ ಹೇಳಬಹುದು. ಒಟ್ಟಿನಲ್ಲಿ ಒಂದು ಅವಧಿಗೆ ಮೂರು-ನಾಲ್ಕು ಗುರಿ ಮೀರದಿರಲಿ. ಹದಿನೈದು ಗುರಿಗಳ ಐಇಪಿಯನ್ನು ಯಾರೂ ಎರಡನೇ ಸಲ ತೆರೆದು ನೋಡುವುದಿಲ್ಲ.

ಗುರಿ ಚೆನ್ನಾಗಿದ್ದೂ ಸೋಲುವುದು ಎಲ್ಲಿ ಗೊತ್ತೇ? ‘ಜವಾಬ್ದಾರಿ’ ಎಂಬ ಖಾನೆಯಲ್ಲಿ. ಅಲ್ಲಿ ‘ವಿಶೇಷ ಶಿಕ್ಷಕರು’ ಎಂದಷ್ಟೇ ಬರೆದಿದ್ದರೆ ಕೇಳಿ: ಅವರು ಶಾಲೆಗೆ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ? ಸರ್ಕಾರಿ ಶಾಲೆಗಳಿಗೆ ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ (ಬಿಆರ್‌ಸಿ) ಬರುವ ವಿಶೇಷ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು, ಇಡೀ ಬ್ಲಾಕಿನ ಶಾಲೆಗಳನ್ನು, ಮನೆಯಲ್ಲೇ ಕಲಿಯುವ ಮಕ್ಕಳನ್ನೂ ನೋಡಿಕೊಳ್ಳಬೇಕು. ಅವರ ಭೇಟಿಯ ದಿನ ಮಾತ್ರ ನಡೆಯುವ ಪಾಠದಿಂದ ಕೊಂಬು ಬರುವುದಿಲ್ಲ. ವಾರಕ್ಕೆ ಐದು ದಿನ, ದಿನಕ್ಕೆ 15 ನಿಮಿಷ, ಯಾವ ಅವಧಿಯಲ್ಲಿ, ತರಗತಿಯ ಯಾವ ಟೀಚರ್ ಎಂದು ವೇಳಾಪಟ್ಟಿಯಲ್ಲಿ ಕಾಣಬೇಕು. ವಿಶೇಷ ಶಿಕ್ಷಕರು ವಿಧಾನ ಹೇಳಿಕೊಟ್ಟು, ಬಂದಾಗ ಪರೀಕ್ಷಿಸಿ, ಬೇಕಾದರೆ ಬದಲಿಸುತ್ತಾರೆ. ಆಟದ ಅವಧಿಯನ್ನು ಕಿತ್ತು ಈ ಪಾಠಕ್ಕೆ ಕೊಡುವುದಕ್ಕೆ ಮಾತ್ರ ಒಪ್ಪಬೇಡಿ. ಉಳಿದ ಮಕ್ಕಳೊಂದಿಗೆ ಅವಳು ಸಮನಾಗಿ ಬೆರೆಯುವ ಹೊತ್ತು ಅದೇ ಇರಬಹುದು.

ದಾಖಲೆಗೆ ದೊಡ್ಡ ರಿಜಿಸ್ಟರ್ ಬೇಡ. ಒಂದು ಹಾಳೆಯಲ್ಲಿ ದಿನಾಂಕ, ಕೊಟ್ಟ ಪದ, ಎಷ್ಟು ನೆರವು ಬೇಕಾಯಿತು ಎಂಬ ಗುರುತು ಸಾಕು: ತಾನೇ ಓದಿದಳು, ಸುಳಿವು ಕೊಟ್ಟ ಮೇಲೆ, ಬಾಯಲ್ಲಿ ಹೇಳಿಕೊಟ್ಟ ಮೇಲೆ, ಕೈಹಿಡಿದು ಬರೆಸಿದ ಮೇಲೆ. ಸರಿ-ತಪ್ಪು ಎಂದಷ್ಟೇ ಬರೆದರೆ ಪ್ರಗತಿ ಕಣ್ಣಿಗೆ ಬೀಳುವುದೇ ಇಲ್ಲ. ಕಳೆದ ತಿಂಗಳು ಬಾಯಲ್ಲಿ ಹೇಳಿಕೊಡಬೇಕಿದ್ದದ್ದು ಈ ತಿಂಗಳು ಸುಳಿವಿನಲ್ಲೇ ಆಗುತ್ತಿದ್ದರೆ ಅದು ಮುನ್ನಡೆ. ಎರಡು-ಮೂರು ವಾರ ಗುರುತುಗಳು ಒಂದೇ ಕಡೆ ನಿಂತಿದ್ದರೆ ಮೊದಲು ಬದಲಿಸಬೇಕಾದದ್ದು ಕಲಿಸುವ ವಿಧಾನ, ಆಮೇಲೆ ಗುರಿ.

ಕಾನೂನಿನ ಮಾತೂ ಸ್ವಲ್ಪ ಗೊತ್ತಿರಲಿ. ಐಇಪಿ ಎಂಬ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ, 1975ರ ಕಾನೂನಿನಿಂದ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಶಾಲೆಗಳು ಮಗುವಿಗೆ ಬೇಕಾದ ವೈಯಕ್ತಿಕ ನೆರವು ಕೊಡಬೇಕು, ಪ್ರತಿ ಮಗುವಿನ ಪ್ರಗತಿಯ ಮೇಲೆ ನಿಗಾ ಇಡಬೇಕು ಎನ್ನುತ್ತದೆ. 17ನೇ ಕಲಂ ಪಠ್ಯ ಮತ್ತು ಪರೀಕ್ಷೆಯಲ್ಲಿ ಮಾರ್ಪಾಡು, ಹೆಚ್ಚುವರಿ ಸಮಯ, ಬರೆದುಕೊಡುವವರ ಸೌಲಭ್ಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯನ್ನು ಹೆಸರಿಸುತ್ತದೆ. ವಿನಾಯಿತಿಯ ಚರ್ಚೆಗೆ ನಾಲ್ಕನೇ ತರಗತಿಯಲ್ಲಿ ಅವಸರವಿಲ್ಲ. ವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡ್ ಸೌಲಭ್ಯಗಳಿಗೆ ಬೇಕು, ನಿಜ. ಆದರೆ ಕೊಂಬು ಕಲಿಸಲು ಯಾವ ಕಾರ್ಡೂ ಬೇಕಿಲ್ಲ. ‘ಕಾರ್ಡ್ ಬಂದ ಮೇಲೆ ಐಇಪಿ ಶುರು’ ಎಂದರೆ ಒಪ್ಪಬೇಡಿ.

ಮುಂದಿನ ವಾರ ಶಾಲೆಗೆ ಹೋದಾಗ ಮುಖ್ಯ ಶಿಕ್ಷಕರು, ತರಗತಿ ಟೀಚರ್, ಸಾಧ್ಯವಾದರೆ ವಿಶೇಷ ಶಿಕ್ಷಕರೂ ಇರುವಂತೆ ಕೇಳಿಕೊಳ್ಳಿ. ಮನೆಯಲ್ಲಿ ಅವಳು ಏನೇನು ಮಾಡುತ್ತಾಳೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಅಂಗಡಿಯಿಂದ ಎರಡು ಸಾಮಾನು ಹೇಳಿದರೆ ತರುತ್ತಾಳೆ, ಚಿಲ್ಲರೆ ಎಣಿಸುವುದಿಲ್ಲ ಎಂಬಂಥವು. ಶಾಲೆಗೆ ಇದು ಬೇರೆ ದಾರಿಯಿಂದ ತಿಳಿಯುವುದಿಲ್ಲ, ಗಣಿತದ ಗುರಿ ಅಲ್ಲಿಂದಲೇ ಹುಟ್ಟಬಹುದು. ಸದ್ಯದ ಮಟ್ಟ ಅಂಕಿಗಳಲ್ಲಿ ಸೇರಿದ ಮೇಲೆ ಸಹಿ ಹಾಕಿ, ಒಂದು ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ. ಪರಿಶೀಲನೆಯ ದಿನಾಂಕಗಳನ್ನೂ ಅಲ್ಲೇ ಬರೆಸಿ: ದಸರಾ ರಜೆಗೆ ಮುಂಚೆ ಒಂದು, ಡಿಸೆಂಬರ್ ಕೊನೆಗೆ ಒಂದು, ಮಾರ್ಚ್‌ನಲ್ಲಿ ಒಂದು. ಬೇಸಿಗೆ ರಜೆ ಮುಗಿದು ಐದನೇ ತರಗತಿಯ ಹೊಸ ಟೀಚರ್ ಸಿಕ್ಕಾಗ ಹಾಳೆಯನ್ನು ಅವರ ಕೈಗೆ ಕೊಟ್ಟು, ಮಾರ್ಚ್‌ನಲ್ಲಿ ಓದಿಸಿದ ಅವೇ 20 ಪದಗಳನ್ನು ಮೊದಲ ವಾರದಲ್ಲೇ ಮತ್ತೆ ಓದಿಸಲು ಹೇಳಿ. ರಜೆಯಲ್ಲಿ 16 ಇದ್ದದ್ದು 11ಕ್ಕೆ ಇಳಿದಿರಬಹುದು. ಹೊಸ ಐಇಪಿಯ ಸದ್ಯದ ಮಟ್ಟದಲ್ಲಿ ಬರೆಯಬೇಕಾದದ್ದು ಆ 11ನ್ನೇ.